ಈ ನಗು ಯಾರಿಗೆ?

ಭಾವಚಿತ್ರ ತೆಗೆಯುವವರಲ್ಲಿ ಒಂದು ನಂಬಿಕೆ ಆಳವಾಗಿ ಬೇರೂರಿದೆ. ಎದುರಿಗಿರುವವರಿಗೆ ಕ್ಯಾಮೆರಾ ಇದೆಯೆಂಬ ಅರಿವಿಲ್ಲದಾಗ ಸಿಕ್ಕ ಮುಖ ನಿಜವಾದದ್ದು, ಅರಿವಿದ್ದಾಗ ಸಿಕ್ಕದ್ದೆಲ್ಲ ನಟನೆ ಎಂಬುದೇ ಆ ನಂಬಿಕೆ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಹಿರಿಯರು ಹೇಳಿಕೊಡುವ ಮೊದಲ ಪಾಠವೂ ಬಹುಪಾಲು ಇದೇ ಆಗಿರುತ್ತದೆ: ಮರೆಯಲ್ಲಿ ನಿಲ್ಲಿ, ದೂರದಿಂದ ಹಿಡಿಯಬಲ್ಲ ಲೆನ್ಸ್ ಹಾಕಿಕೊಳ್ಳಿ, ಅವರು ಮೈಮರೆಯುವ ತನಕ ಕಾಯಿರಿ. ಪಾಠ ಉಪಯುಕ್ತವಾದದ್ದೇ. ಆದರೆ ವರ್ಷಗಟ್ಟಲೆ ಮುಖಗಳ ಎದುರು ನಿಂತ ಮೇಲೆ ಈ ವಿಂಗಡಣೆ ಸಾಲದು ಎಂದು ನನಗೆ ಅನ್ನಿಸತೊಡಗಿದೆ. ಅರಿವಿಲ್ಲದಂತೆ ತೆಗೆದ ಎಷ್ಟೋ ಚಿತ್ರಗಳಲ್ಲಿ ಒಬ್ಬ ಮನುಷ್ಯ ಅಲ್ಲಿದ್ದ ಎಂಬುದರ ಹೊರತು ಬೇರೇನೂ ಇರುವುದಿಲ್ಲ. ಕಾಲರ್ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ಲೆನ್ಸನ್ನೇ ದಿಟ್ಟಿಸುತ್ತ ಕುಳಿತವರ ಚಿತ್ರಗಳಲ್ಲಿ ಕೆಲವೊಮ್ಮೆ ಇಡೀ ಬದುಕೇ ಎದ್ದು ಕಾಣುತ್ತದೆ. ಹಾಗಾದರೆ ನಿಜಕ್ಕೂ ನಟನೆಗೂ ನಡುವಿನ ಗೆರೆ ಕ್ಯಾಮೆರಾದ ಅರಿವಿನಲ್ಲಿಲ್ಲ, ಬೇರೆಲ್ಲೋ ಇದೆ.

ಆ ಗೆರೆಯನ್ನು ಮುಖದ ಸ್ನಾಯುಗಳಲ್ಲೇ ಹುಡುಕಿದವರು ಉಂಟು. ಫ್ರಾನ್ಸಿನ ನರರೋಗ ವೈದ್ಯ ಗಿಯೋಮ್ ಡುಶೆನ್ 1862ರಲ್ಲಿ ಪ್ರಕಟಿಸಿದ ಗ್ರಂಥಕ್ಕಾಗಿ, ಮುಖದ ಸ್ಪರ್ಶಜ್ಞಾನ ಕಳೆದುಕೊಂಡಿದ್ದ ವೃದ್ಧರೊಬ್ಬರ ಕೆನ್ನೆ, ಹುಬ್ಬು, ತುಟಿಗಳ ಸ್ನಾಯುಗಳಿಗೆ ಸಣ್ಣ ಪ್ರಮಾಣದಲ್ಲಿ ವಿದ್ಯುತ್ ಹಾಯಿಸಿ, ಒಂದೊಂದು ಸ್ನಾಯು ಕುಗ್ಗಿದಾಗ ಮೂಡುವ ಭಾವವನ್ನು ಫೋಟೋ ತೆಗೆಸಿದ. ತುಟಿಯ ಅಂಚನ್ನು ಮೇಲಕ್ಕೆಳೆಯುವ ಸ್ನಾಯು ನಮ್ಮ ಇಚ್ಛೆಗೆ ಒಗ್ಗುತ್ತದೆ, ಆದರೆ ಕಣ್ಣಿನ ಸುತ್ತಲಿನ ಸ್ನಾಯು ಒಳಗಿನ ಸಂತೋಷಕ್ಕೆ ಮಾತ್ರ ಮಣಿಯುತ್ತದೆ ಎಂಬ ತೀರ್ಮಾನಕ್ಕೆ ಅವನು ಬಂದ. ಕಣ್ಣೂ ನಗುವ ನಗೆಗೆ ಇವತ್ತಿಗೂ ಡುಶೆನ್ ನಗೆ ಎಂದೇ ಹೆಸರು. ಹತ್ತು ವರ್ಷಗಳ ನಂತರ, 1872ರಲ್ಲಿ, ಮನುಷ್ಯರ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯ ಬಗ್ಗೆ ಪುಸ್ತಕ ಬರೆದ ಚಾರ್ಲ್ಸ್ ಡಾರ್ವಿನ್ ಡುಶೆನ್‌ನ ಕೆಲವು ಚಿತ್ರಗಳನ್ನು ಬಳಸಿಕೊಂಡ. ಅವುಗಳ ಜೊತೆಗೆ ಸಹಜವಾದ ಭಾವಗಳ ಫೋಟೋಗಳೂ ಅವನಿಗೆ ಬೇಕಾಗಿದ್ದವು. ಆದರೆ ಆ ಕಾಲದ ಗಾಜಿನ ಪ್ಲೇಟುಗಳಿಗೆ ಎಕ್ಸ್‌ಪೋಶರ್ ಕೊಡಲು, ಅಂದರೆ ಚಿತ್ರ ಮೂಡುವಷ್ಟು ಬೆಳಕು ತಾಗಿಸಲು, ಸೆಕೆಂಡುಗಟ್ಟಲೆ ಬೇಕಾಗುತ್ತಿತ್ತು. ಕೋಪವಾಗಲಿ ಅಚ್ಚರಿಯಾಗಲಿ ಅಷ್ಟು ಹೊತ್ತು ಮುಖದ ಮೇಲೆ ನಿಲ್ಲುವುದಿಲ್ಲ. ಆಗ ಅವನ ನೆರವಿಗೆ ಬಂದ ಛಾಯಾಗ್ರಾಹಕ ಆಸ್ಕರ್ ರೈಲಾಂಡರ್ ತಾನೇ ಕ್ಯಾಮೆರಾದ ಎದುರು ನಿಂತು ಜಿಗುಪ್ಸೆಯನ್ನೂ ಬೆರಗನ್ನೂ ಅಭಿನಯಿಸಿ ತೋರಿಸಿದ. ಅದೇ ಪುಸ್ತಕದಲ್ಲಿರುವ, ಬಾಯ್ತೆರೆದು ಅಳುವ ಮಗುವಿನ ಪ್ರಸಿದ್ಧ ಚಿತ್ರ ನೇರವಾದ ಫೋಟೋ ಅಲ್ಲ, ಫೋಟೋ ಆಧರಿಸಿ ಕೈಯಲ್ಲಿ ಬಿಡಿಸಿದ ಚಿತ್ರದ ಫೋಟೋ ಎಂಬುದನ್ನು ನಂತರದ ಸಂಶೋಧಕರು ಗುರುತಿಸಿದ್ದಾರೆ. ಸಹಜ ಭಾವಗಳ ಅಧ್ಯಯನಕ್ಕೆ ಕ್ಯಾಮೆರಾ ಒದಗಿಸಿದ ಮೊದಲ ಸಾಕ್ಷ್ಯಗಳಲ್ಲೇ ಅಭಿನಯ ಸೇರಿಹೋಗಿತ್ತು ಎಂಬ ಈ ಸಂಗತಿ ನನ್ನ ವೃತ್ತಿಯ ಚರಿತ್ರೆಯಲ್ಲಿ ನಾನು ಮತ್ತೆ ಮತ್ತೆ ಯೋಚಿಸುವ ವಿಷಯಗಳಲ್ಲೊಂದು.

ನಿಜವಾದ ನಗೆಗೂ ತಂದುಕೊಂಡ ನಗೆಗೂ ದೇಹದೊಳಗೆ ವ್ಯತ್ಯಾಸವೇ ಇಲ್ಲ ಎಂದಲ್ಲ. ಮಿದುಳಿನ ಚಲನಾ ಭಾಗದ ಒಂದು ಬದಿಗೆ ಪೆಟ್ಟಾದ ರೋಗಿಗೆ ನಗಿ ಎಂದರೆ ಬಾಯಿಯ ಒಂದು ಬದಿ ಮಾತ್ರ ಮೇಲೇಳುತ್ತದೆ. ಅದೇ ವ್ಯಕ್ತಿಗೆ ಯಾವುದೋ ಮಾತು ಕೇಳಿ ತಾನಾಗಿ ನಗು ಬಂದರೆ ಎರಡೂ ಬದಿ ಸಮನಾಗಿ ಅರಳುವುದುಂಟು. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಇದಕ್ಕೆ ತಿರುಗುಮುರುಗಾಗಿ, ಹೇಳಿದಾಗ ನಗಬಲ್ಲವರ ಮುಖದಲ್ಲಿ ತಾನಾಗಿ ಹುಟ್ಟುವ ನಗು ಬತ್ತಿಹೋಗುತ್ತದೆ. ಅಂದರೆ ಇಚ್ಛೆಯ ನಗುವಿಗೂ ಒಳಗಿನಿಂದ ಉಕ್ಕುವ ನಗುವಿಗೂ ನರಗಳಲ್ಲಿ ಬೇರೆ ಬೇರೆ ದಾರಿಗಳಿವೆ. ಆದರೆ ಕಣ್ಣಿನ ಅಂಚಿನ ಸುಕ್ಕನ್ನು ನೋಡಿ ಚಿತ್ರವೊಂದನ್ನು ಅಸಲಿ ಎಂದು ತೀರ್ಪು ಕೊಡುವುದು ಡುಶೆನ್ ಅಂದುಕೊಂಡಷ್ಟು ಸುಲಭವಲ್ಲ. ಕಣ್ಣಿನ ಸುತ್ತಲಿನ ಸ್ನಾಯುವನ್ನು ಬೇಕೆಂದಾಗ ಕುಗ್ಗಿಸಬಲ್ಲವರು ಬಹಳ ಮಂದಿ ಇದ್ದಾರೆ ಎಂದು ಇತ್ತೀಚಿನ ಅಧ್ಯಯನಗಳು ತೋರಿಸಿವೆ. ಬಾಯಿ ಅಗಲಿಸಿ ಜೋರಾಗಿ ನಕ್ಕರೆ ಕೆನ್ನೆ ತಾನಾಗಿ ಮೇಲೆದ್ದು ಕಣ್ಣನ್ನು ಕಿರಿದಾಗಿಸುತ್ತದೆ. ಬಿಸಿಲಿಗೆ ಮುಖವೊಡ್ಡಿ ನಿಂತವರ ಕಣ್ಣನ್ನು ಮುದುಡಿಸುವುದೂ ಅದೇ ಸ್ನಾಯು. ಮಧ್ಯಾಹ್ನದ ಬೆಳಕಿನಲ್ಲಿ ತೆಗೆದ ಅದೆಷ್ಟು ಚಿತ್ರಗಳನ್ನು ನಾವು ಸಂತೋಷದ ಚಿತ್ರಗಳೆಂದು ಓದಿಕೊಂಡಿದ್ದೇವೆಯೋ.

ಎರಡು ಬಗೆಯ ನಗುವನ್ನು ಬೇರ್ಪಡಿಸುವ ಒಳ್ಳೆಯ ಸಾಕ್ಷ್ಯವೆಂದರೆ ಕಾಲ. ಅದು ಹೇಗೆ ಏಳುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಹೇಗೆ ಇಳಿಯುತ್ತದೆ ಎಂಬುದರಲ್ಲಿ ಬಹಳಷ್ಟು ತಿಳಿಯುತ್ತದೆ. ಸೆಕೆಂಡಿನ ಇನ್ನೂರನೇ ಒಂದು ಭಾಗವನ್ನು ಮಾತ್ರ ಹಿಡಿಯುವ ನಮ್ಮ ಚಿತ್ರದಲ್ಲಿ ಆ ಕಾಲವೇ ಇರುವುದಿಲ್ಲ. ಆದರೆ ತೆಗೆದವನಿಗೆ ಅದು ಪೂರ್ತಿ ಕಾಣದೆ ಹೋಗುವುದಿಲ್ಲ, ಏಕೆಂದರೆ ಒಂದರ ಹಿಂದೆ ಒಂದರಂತೆ ತೆಗೆದ ಫ್ರೇಮುಗಳು ಅವನ ಬಳಿ ಇರುತ್ತವೆ. ಅವನ್ನು ಪರದೆಯ ಮೇಲೆ ಸಾಲಾಗಿ ಇಟ್ಟು ನೋಡುವುದು ನನ್ನ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಕ್ಯಾಮೆರಾಕ್ಕೆಂದು ತಂದುಕೊಂಡ ನಗುವಿನಲ್ಲಿ ಮೊದಲು ಬಾಯಿ ಬಂದು ನಿಲ್ಲುತ್ತದೆ. ನಾಲ್ಕು, ಐದು, ಆರು ಫ್ರೇಮುಗಳಾದರೂ ತುಟಿಗಳ ಆಕಾರದಲ್ಲಿ ಕೂದಲೆಳೆಯ ಬದಲಾವಣೆಯೂ ಇರುವುದಿಲ್ಲ. ಕಣ್ಣುಗಳು ಮಾತ್ರ ಲೆನ್ಸಿನತ್ತ ಒಮ್ಮೆ, ನನ್ನತ್ತ ಒಮ್ಮೆ ಹರಿದು, ಸರಿಯಾಗಿ ಬಂತೇ ಎಂದು ವಿಚಾರಿಸುತ್ತಿರುತ್ತವೆ. ಶಟರ್ ಸದ್ದು ನಿಂತ ಮರುಕ್ಷಣ ಎಲ್ಲವೂ ಒಟ್ಟಿಗೆ ಕೆಳಗಿಳಿಯುತ್ತದೆ. ತಾನಾಗಿ ಬಂದ ನಗುವಿನ ಸಾಲು ಬೇರೆಯೇ ರೀತಿಯದು. ಅಲ್ಲಿ ಮೊದಲಿಗೆ ಭುಜ ಸ್ವಲ್ಪ ಸಡಿಲಾಗುತ್ತದೆ, ಕೆಳಗಿನ ರೆಪ್ಪೆ ಎಳ್ಳಷ್ಟು ಮೇಲೇಳುತ್ತದೆ, ತಲೆ ಒಂದು ಬದಿಗೆ ವಾಲುತ್ತದೆ. ಬಾಯಿ ಕೊನೆಗೆ ಬರುತ್ತದೆ, ಅದೂ ಅಂದವಾಗಿ ಬರುವುದಿಲ್ಲ. ನಡುವಿನ ಎರಡು ಮೂರು ಫ್ರೇಮುಗಳಲ್ಲಿ ತುಟಿ ಓರೆಯಾಗಿ, ಒಸಡು ಕಾಣಿಸಿ, ಅವರು ನೋಡಿದರೆ ಅಳಿಸಿಬಿಡಿ ಎನ್ನುವಂತಿರುತ್ತದೆ. ನಗು ಇಳಿದ ಮೇಲೂ ಕಣ್ಣಿನಲ್ಲಿ ಒಂದಿಷ್ಟು ಉಳಿದಿರುತ್ತದೆ. ನಗು ತುದಿ ಮುಟ್ಟಿದ ಫ್ರೇಮಿಗಿಂತ, ಇಳಿಯತೊಡಗಿದ ಮೇಲಿನ ಮೊದಲ ಫ್ರೇಮನ್ನೇ ನಾನು ಹೆಚ್ಚು ಸಲ ಆರಿಸಿಕೊಂಡಿದ್ದೇನೆ. ಆ ಫ್ರೇಮಿನಲ್ಲಿ ನಗುವೂ ಇರುತ್ತದೆ, ನಕ್ಕವರೂ ಇರುತ್ತಾರೆ.

ಈ ಸಾಲುಗಳನ್ನು ನೋಡುತ್ತ ನೋಡುತ್ತ ನನಗೆ ಹೊಳೆದದ್ದು ಇಷ್ಟು: ಎರಡನೆಯ ನಗು ಯಾರಿಗೋ ಸಲ್ಲುವ ನಗು. ಬದುಕಿನಲ್ಲಿ ನಾವು ಬಹುಮಟ್ಟಿಗೆ ಯಾರನ್ನಾದರೂ ನೋಡಿ ನಗುತ್ತೇವೆ, ಯಾರ ಮೇಲಾದರೂ ಸಿಟ್ಟಾಗುತ್ತೇವೆ, ಯಾರನ್ನಾದರೂ ನೆನೆದು ಕಣ್ಣೀರಾಗುತ್ತೇವೆ. ಎದುರಿಗಿರುವುದು ಬರೀ ಗಾಜಿನ ಲೆನ್ಸ್ ಆದಾಗ ಆ ಯಾರೋ ಎಂಬುವರು ಇರುವುದಿಲ್ಲ. ಹಾಗಾಗಿ ಮುಖ ತನ್ನನ್ನೇ ನೋಡಿಕೊಳ್ಳತೊಡಗುತ್ತದೆ, ಮುಂದೆಂದೋ ಈ ಚಿತ್ರವನ್ನು ನೋಡಲಿರುವ ಅಪರಿಚಿತರ ಕಣ್ಣಿಗೆ ತಾನು ಹೇಗೆ ಕಂಡೇನು ಎಂದು ಲೆಕ್ಕ ಹಾಕುತ್ತದೆ. ನಾವು ನಟನೆ ಎಂದು ಕರೆದು ಬೇಸರಪಡುವುದು ಬಹುತೇಕ ಈ ಲೆಕ್ಕಾಚಾರವನ್ನು. ಹೀಗಿರುವಾಗ ಛಾಯಾಗ್ರಾಹಕ ಮರೆಯಾಗುವುದು ಒಂದು ದಾರಿಯಷ್ಟೆ. ಅದಕ್ಕಿಂತ ಕಷ್ಟದ, ನನಗೆ ಹೆಚ್ಚು ಸರಿಯೆನಿಸುವ ದಾರಿಯೆಂದರೆ ಕುಳಿತವರ ಪಾಲಿಗೆ ತಾನೇ ಆ ಯಾರೋ ಆಗುವುದು.

ಅಮೆರಿಕದ ರಿಚರ್ಡ್ ಅವೆಡಾನ್ ತನ್ನ ದೇಶದ ಪಶ್ಚಿಮ ಭಾಗದ ಜನರನ್ನು 1979ರಿಂದ 1984ರವರೆಗೆ ಚಿತ್ರಿಸುವಾಗ, 8×10 ಇಂಚಿನ ಫಿಲ್ಮಿನ ದೊಡ್ಡ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ತಾನು ಅದರ ಹಿಂದೆ ಅಡಗದೆ ಪಕ್ಕದಲ್ಲೇ ನಿಲ್ಲುತ್ತಿದ್ದ. ಬಿಳಿಯ ಹಿನ್ನೆಲೆಯ ಮುಂದೆ ನಿಂತವರ ಕಣ್ಣಿಗೆ ಕಾಣುತ್ತಿದ್ದದ್ದು ಒಂದು ಯಂತ್ರ ಮಾತ್ರವಲ್ಲ, ಕೈಗೆಟುಕುವಷ್ಟು ಹತ್ತಿರದಲ್ಲಿ ತಮ್ಮನ್ನು ನೋಡುತ್ತ ನಿಂತ ಒಬ್ಬ ಮನುಷ್ಯ. ಆ ಚಿತ್ರಗಳಲ್ಲಿ ನಗು ಬಹಳ ಕಡಿಮೆ. ಅಲ್ಲಿನ ಮುಖಗಳು ಅವನ ಎದುರು ಬಿಗಿಯಾಗಿವೆ, ಅವನನ್ನು ಅಳೆಯುತ್ತಿವೆ, ಕೆಲವು ಸವಾಲು ಹಾಕುತ್ತಿವೆ. ಇಷ್ಟವಾಗಲಿ ಬಿಡಲಿ, ಅವು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಕೊಟ್ಟ ಪ್ರತಿಕ್ರಿಯೆಗಳು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕೆಂದರೆ ಯೂಸುಫ್ ಕಾರ್ಶ್ ತೆಗೆದ ಚರ್ಚಿಲ್ ಚಿತ್ರವಿದೆ. 1941ರ ಡಿಸೆಂಬರ್ 30ರಂದು ಕೆನಡಾದ ಸಂಸತ್ತಿನಲ್ಲಿ ಭಾಷಣ ಮುಗಿಸಿ ಪಕ್ಕದ ಕೋಣೆಗೆ ಬಂದ ಚರ್ಚಿಲ್‌ಗೆ ಅಲ್ಲಿ ಫೋಟೋಗೆ ಏರ್ಪಾಟಾಗಿದೆ ಎಂಬುದು ಗೊತ್ತಿರಲಿಲ್ಲ. ಒಲ್ಲದ ಮನಸ್ಸಿನಿಂದಲೇ ಒಪ್ಪಿಕೊಂಡ ಆತ ಬಾಯಲ್ಲಿದ್ದ ಚುಟ್ಟಾವನ್ನು ಮಾತ್ರ ತೆಗೆಯಲಿಲ್ಲ. ಕಾರ್ಶ್ ಕ್ಷಮೆ ಕೇಳಿ, ಕೈಚಾಚಿ ಅದನ್ನು ಆತನ ಬಾಯಿಂದಲೇ ಕಿತ್ತುಕೊಂಡು, ಹಿಂದಿರುಗಿ ಬಂದು ಶಟರ್ ಒತ್ತಿದ. ಯುದ್ಧಕಾಲದ ಬ್ರಿಟನ್ನಿನ ಬಗ್ಗದ ಛಲ ಎಂದು ಇಡೀ ಜಗತ್ತು ಓದಿಕೊಂಡ ಆ ದುರುಗುಟ್ಟುವ ನೋಟ ಹುಟ್ಟಿದ್ದು ಚುಟ್ಟಾ ಕಳೆದುಕೊಂಡ ಸಿಟ್ಟಿನಿಂದ, ಸಂದದ್ದು ಎದುರಿಗಿದ್ದ ಛಾಯಾಗ್ರಾಹಕನಿಗೆ. ಅದರ ಬೆನ್ನಲ್ಲೇ ಚರ್ಚಿಲ್ ನಗುತ್ತಿರುವ ಇನ್ನೊಂದು ಚಿತ್ರವನ್ನೂ ಕಾರ್ಶ್ ತೆಗೆದ. ಅದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಇಲ್ಲಿ ಭಾವ ನಿಜ, ಸಿಟ್ಟು ಸಿಟ್ಟೇ. ಆ ಭಾವಕ್ಕೆ ನಾವು ಅಂಟಿಸಿದ ಅರ್ಥ ಮಾತ್ರ ನಮ್ಮದು. ಚಿತ್ರದಲ್ಲಿ ಭಾವವೊಂದು ನಿಜವಾಗಿದೆ ಎಂದಮಾತ್ರಕ್ಕೆ ಅದು ಯಾವುದರ ಬಗೆಗಿನ ಭಾವ ಎಂಬುದು ನಮಗೆ ತಿಳಿದಂತಾಗುವುದಿಲ್ಲ ಎನ್ನುವುದನ್ನು ಇಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ.

ಇನ್ನು ನಟನೆ ಎಂದರೆ ಸುಳ್ಳೇ ಎಂಬ ಪ್ರಶ್ನೆ. ಪ್ಯಾರಿಸ್ಸಿನ ಪುರಭವನದ ಎದುರು ಜನಸಂದಣಿಯ ನಡುವೆ ಮುತ್ತಿಡುತ್ತಿರುವ ಜೋಡಿಯ ಚಿತ್ರವನ್ನು ರೊಬೆರ್ ದ್ವಾನೊ 1950ರಲ್ಲಿ ತೆಗೆದ. ದಶಕಗಳ ಕಾಲ ಅದನ್ನು ಬೀದಿಯಲ್ಲಿ ಅಕಸ್ಮಾತ್ತಾಗಿ ಸಿಕ್ಕ ಕ್ಷಣವೆಂದೇ ಜನ ನಂಬಿದ್ದರು. 1990ರ ದಶಕದ ಆರಂಭದಲ್ಲಿ, ಚಿತ್ರದಲ್ಲಿರುವುದು ತಾವೇ ಎಂದು ದಂಪತಿಯೊಬ್ಬರು ನ್ಯಾಯಾಲಯಕ್ಕೆ ಹೋದಾಗ, ತಾನು ನಾಟಕ ಕಲಿಯುತ್ತಿದ್ದ ಇಬ್ಬರನ್ನು ಕೇಳಿಕೊಂಡು ಆ ಚಿತ್ರ ತೆಗೆದೆನೆಂದು ದ್ವಾನೊ ಹೇಳಬೇಕಾಯಿತು. ಎಷ್ಟೋ ಮಂದಿಗೆ ಮೋಸಹೋದಂತಾಯಿತು. ಆದರೆ ಆ ಇಬ್ಬರು ಆಗ ನಿಜವಾಗಿಯೂ ಪ್ರೇಮಿಗಳಾಗಿದ್ದರು. ಅವರು ಮುತ್ತಿಡುವುದನ್ನು ಕಂಡೇ ದ್ವಾನೊ ಅವರನ್ನು ಇನ್ನೊಮ್ಮೆ ಹಾಗೆ ಮಾಡುವಿರಾ ಎಂದು ಕೇಳಿದ್ದ. ಕೇಳಿಕೊಂಡ ಮೇಲೆ ಕೊಟ್ಟ ಆ ಮುತ್ತು ನಿಜವೋ ನಟನೆಯೋ? ಇದಕ್ಕೆ ಒಂದು ಮಾತಿನ ಉತ್ತರ ಇದೆಯೆಂದು ನನಗನ್ನಿಸುವುದಿಲ್ಲ. ಮೋಸವಿದ್ದರೆ ಅದು ಬೀದಿಯಲ್ಲಿ ಸಿಕ್ಕದ್ದು ಎಂದು ನಂಬಗೊಟ್ಟದ್ದರಲ್ಲಿ ಇದೆ, ಮುತ್ತಿನಲ್ಲಲ್ಲ.

ನಮ್ಮ ನಾಟ್ಯಶಾಸ್ತ್ರಕ್ಕೆ ಈ ಗೊಂದಲ ಹೊಸದಲ್ಲ. ಭರತ ಎಂಟು ಸಾತ್ವಿಕ ಭಾವಗಳನ್ನು ಹೇಳುತ್ತಾನೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ಕಂಪನ, ವೈವರ್ಣ್ಯ, ಅಶ್ರು, ಪ್ರಲಯ ಎಂದರೆ ಮೂರ್ಛೆ. ಬೆವರು, ಮೈನವಿರೇಳುವುದು, ಬಣ್ಣಗೆಡುವುದು ಇವೆಲ್ಲ ಕೈಕಾಲು ಆಡಿಸಿದಂತೆ ಇಚ್ಛೆಯಿಂದ ತಂದುಕೊಳ್ಳುವಂಥವಲ್ಲ. ಅವು ಮನಸ್ಸಿನ ಏಕಾಗ್ರತೆಯಿಂದ ಹುಟ್ಟಬೇಕು ಎಂದು ಹೇಳುವ ಶಾಸ್ತ್ರವೇ ಅವನ್ನು ಅಭಿನಯದ ಒಂದು ಬಗೆಯಾಗಿ ಎಣಿಸಿದೆ. ಅಂದರೆ ಅಭಿನಯಕ್ಕೂ ಅನುಭವಕ್ಕೂ ನಡುವೆ ಗೋಡೆಯಿಲ್ಲ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಿದೆ, ಆ ದಾರಿಯನ್ನು ಸಾಧನೆಯಿಂದ ಕಲಿಯಬಹುದು ಎಂದಾಯಿತು. ಲೆನ್ಸಿನ ಎದುರಿನ ನಟನೆಯನ್ನು ಕೀಳಾಗಿ ಕಾಣುವ ಛಾಯಾಗ್ರಾಹಕರು ಈ ಮಾತನ್ನು ನಿಧಾನವಾಗಿ ಯೋಚಿಸಬೇಕೆಂದು ನನ್ನ ಆಸೆ.

ಅದನ್ನು ನಾನು ಕಣ್ಣಾರೆ ಕಂಡದ್ದು ವಯಸ್ಸಾದ ರಂಗನಟರೊಬ್ಬರ ಚಿತ್ರ ತೆಗೆಯುವಾಗ. ಕಿಟಕಿಯ ಬೆಳಕಿಗೆ ಅಡ್ಡವಾಗಿ ಮರದ ಕುರ್ಚಿಯ ಮೇಲೆ ಕುಳಿತಿದ್ದ ಅವರನ್ನು, ಶೋಕವನ್ನು ಹೇಗೆ ತಂದುಕೊಳ್ಳುತ್ತೀರಿ ಎಂದು ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬೋರಲಾಗಿಟ್ಟು, ಕಿಟಕಿಯ ಕೆಳಗಿನ ಗೋಡೆಯ ಒಂದು ಜಾಗವನ್ನು ನೋಡತೊಡಗಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೊರಳಿನ ನರವೊಂದು ಬಿಗಿಯಿತು, ಮೂಗಿನ ಹೊಳ್ಳೆಗಳ ಅಂಚು ಕೆಂಪಾಯಿತು, ಕೆಳಗಿನ ರೆಪ್ಪೆಯ ಮೇಲೆ ನೀರು ತುಂಬಿ ನಿಂತು, ಬಲಗಣ್ಣಿನಿಂದ ಮಾತ್ರ ಇಳಿಯಿತು. ನಾನು ಚಿತ್ರ ತೆಗೆದೆ. ಅವರು ಅಂಗೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡು, ನನ್ನತ್ತ ತಿರುಗಿ, ಬಂತಾ ಎಂದರು. ಆ ಕ್ಷಣಕ್ಕೂ ನಾನು ಶಟರ್ ಒತ್ತಿದೆ. ಮೊದಲ ಚಿತ್ರದಲ್ಲಿರುವ ಕಣ್ಣೀರು ನಿಜವಾದದ್ದೇ, ಅದರಲ್ಲಿ ಅನುಮಾನವಿಲ್ಲ, ಆದರೆ ಅದು ಯಾವುದೋ ಪಾತ್ರಕ್ಕೆ ಅಥವಾ ಅವರು ಮನಸ್ಸಿನಲ್ಲಿ ಕರೆದುಕೊಂಡ ಯಾರಿಗೋ ಸಂದದ್ದು. ಎರಡನೆಯದರಲ್ಲಿ, ಇನ್ನೂ ಒದ್ದೆಯಾಗಿದ್ದ ಆ ಕಣ್ಣುಗಳಲ್ಲಿ, ಜೀವಮಾನವಿಡೀ ಕಲಿತ ಕೆಲಸ ಇವತ್ತೂ ಕೈಗೂಡಿತೇ ಎಂದು ತಿಳಿಯುವ ಕಾತರವಿತ್ತು. ಅದು ನನಗೆ ಸಂದದ್ದು, ಅವರ ಭಾವಚಿತ್ರವೂ ಅದೇ. ನಟನೆ ಇಲ್ಲದಿದ್ದರೆ ಆ ಎರಡನೆಯ ಮುಖ ನನಗೆ ಸಿಕ್ಕುತ್ತಲೇ ಇರಲಿಲ್ಲ.

ಯಾರಿಗೂ ಸಲ್ಲದ, ಹಾಗೆಂದು ನಟನೆಯೂ ಅಲ್ಲದ ಮುಖವೊಂದಿದೆ, ಒಬ್ಬಂಟಿಯಾಗಿರುವಾಗಿನ ಮುಖ. ವಾಕರ್ ಎವಾನ್ಸ್ 1938 ಮತ್ತು 1941ರ ನಡುವೆ ನ್ಯೂಯಾರ್ಕಿನ ಸುರಂಗ ರೈಲುಗಳಲ್ಲಿ, ಕೋಟಿನೊಳಗೆ ಚಿಕ್ಕ ಕ್ಯಾಮೆರಾ ಬಚ್ಚಿಟ್ಟು, ಗುಂಡಿಗಳ ನಡುವೆ ಲೆನ್ಸ್ ಇಣುಕುವಂತೆ ಮಾಡಿ, ಎದುರಿನ ಸೀಟಿನ ಪ್ರಯಾಣಿಕರನ್ನು ತೆಗೆದ. ಪುಸ್ತಕವಾಗಿ ಅವು ಹೊರಬಂದದ್ದು 1966ರಲ್ಲಿ. ಆ ಚಿತ್ರಗಳ ಬೆಲೆಯನ್ನು ನಾನು ಅಲ್ಲಗಳೆಯಲಾರೆ. ಆದರೆ ಅಲ್ಲಿನ ಬಹುಪಾಲು ಮುಖಗಳು ಬೇಸರಗೊಂಡಂತೆ, ಕೆಲವು ದುಃಖದಲ್ಲಿರುವಂತೆ ಕಾಣುತ್ತವೆ, ಮತ್ತು ಅದನ್ನು ನಂಬಲು ನನಗೆ ಧೈರ್ಯ ಬರುವುದಿಲ್ಲ. ಸ್ನಾಯುಗಳು ಸಡಿಲವಾದಾಗ ತುಟಿಯ ಅಂಚು ತಾನಾಗಿ ಕೆಳಗಿಳಿಯುತ್ತದೆ. ವಿಶ್ರಾಂತಿಯಲ್ಲಿರುವ ಮುಖ ಅನೇಕ ಸಲ ನೊಂದ ಮುಖದಂತೆ ತೋರುತ್ತದೆ. ಸಿನಿಮಾದ ಆರಂಭದ ದಿನಗಳಲ್ಲಿ ರಷ್ಯಾದ ಲೆವ್ ಕುಲೆಶೊವ್ ನಟನೊಬ್ಬನ ಭಾವರಹಿತ ಮುಖದ ಒಂದೇ ತುಣುಕನ್ನು ಬೇರೆ ಬೇರೆ ದೃಶ್ಯಗಳ ಪಕ್ಕ ಜೋಡಿಸಿದಾಗ, ನೋಡಿದವರು ಅದೇ ಮುಖದಲ್ಲಿ ಹಸಿವನ್ನೂ ಶೋಕವನ್ನೂ ಕಂಡರು ಎಂಬ ಪ್ರಯೋಗ ಪ್ರಸಿದ್ಧವಾಗಿದೆ. ಅರಿವಿಲ್ಲದಂತೆ ತೆಗೆದ ಚಿತ್ರದಲ್ಲಿ ನಾವು ಹೊಗಳುವ ಆಳವಾದ ಭಾವ ಎಷ್ಟೋ ಸಲ ನಾವೇ ತುಂಬಿದ್ದು.

ದಣಿವಿನ ಮೂಲಕ ಅದೇ ಮುಖಕ್ಕೆ ಹತ್ತಿರವಾದವರು ನೆದರ್ಲೆಂಡ್ಸಿನ ರಿನೆಕೆ ಡೈಕ್‌ಸ್ಟ್ರಾ. ಅಪಘಾತದಿಂದ ಚೇತರಿಸಿಕೊಳ್ಳಲು ಈಜುತ್ತಿದ್ದ ದಿನಗಳಲ್ಲಿ, 1991ರಲ್ಲಿ, ಈಜಿ ಬಳಲಿ ನಿಂತ ತನ್ನದೇ ಚಿತ್ರ ತೆಗೆದುಕೊಂಡ ಅವರಿಗೆ, ಆಯಾಸಗೊಂಡ ದೇಹಕ್ಕೆ ಪೋಸ್ ಕೊಡಲು ಶಕ್ತಿ ಉಳಿದಿರುವುದಿಲ್ಲ ಎಂಬುದು ಗೊತ್ತಾಯಿತು. ಮುಂದೆ ಅವರು ಹೆರಿಗೆಯಾದ ಸ್ವಲ್ಪ ಹೊತ್ತಿಗೇ ಕೂಸನ್ನು ಎದೆಗವಚಿಕೊಂಡು ನಿಂತ ತಾಯಂದಿರನ್ನೂ, ಅಂಕಣದಿಂದ ಆಗತಾನೇ ಹೊರಬಂದ ಪೋರ್ಚುಗಲ್ಲಿನ ಗೂಳಿಕಾಳಗದವರನ್ನೂ ಚಿತ್ರಿಸಿದರು. ಇಲ್ಲಿ ಬಚ್ಚಿಟ್ಟ ಕ್ಯಾಮೆರಾ ಇಲ್ಲ. ಅವರೆಲ್ಲ ಲೆನ್ಸನ್ನು ನೋಡುತ್ತಿದ್ದಾರೆ, ಒಪ್ಪಿ ನಿಂತಿದ್ದಾರೆ, ತೋರಿಸಿಕೊಳ್ಳುವ ಕಸುವು ಮಾತ್ರ ಅವರಲ್ಲಿ ಉಳಿದಿಲ್ಲ. ಕದಿಯದೆಯೂ ಮುಖವಾಡದಾಚೆಗೆ ಹೋಗಬಹುದು ಎಂಬುದಕ್ಕೆ ನಾನು ಕಿರಿಯರಿಗೆ ತೋರಿಸುವುದು ಎವಾನ್ಸ್‌ನನ್ನಲ್ಲ, ಈಕೆಯನ್ನು.

ಒಪ್ಪಿಗೆಯ ಮಾತನ್ನು ಬೇಗ ದಾಟಿ ಹೋಗಲಾರೆ. ಎದುರಿಗಿರುವವರಲ್ಲಿ ಭಾವವನ್ನು ಎಬ್ಬಿಸುವುದು ಛಾಯಾಗ್ರಾಹಕನ ಕೆಲಸ ಎಂದು ಒಪ್ಪಿಕೊಂಡ ಕೂಡಲೇ, ಯಾವ ಬೆಲೆ ತೆತ್ತು ಎಂಬ ಪ್ರಶ್ನೆ ಏಳುತ್ತದೆ. 1957ರಲ್ಲಿ, ಸಿಂಹಾಸನ ತ್ಯಜಿಸಿದ್ದ ಬ್ರಿಟನ್ನಿನ ಮಾಜಿ ದೊರೆ ವಿಂಡ್ಸರ್ ಡ್ಯೂಕ್ ಮತ್ತು ಆತನ ಹೆಂಡತಿಯ ಚಿತ್ರ ತೆಗೆಯುವಾಗ, ಅವರ ಅಭ್ಯಾಸದ ಸಾರ್ವಜನಿಕ ನಗುವನ್ನು ಒಡೆಯಲು, ತಾನು ಬಂದ ಟ್ಯಾಕ್ಸಿ ನಾಯಿಯೊಂದರ ಮೇಲೆ ಹರಿಯಿತು ಎಂಬ ಸುಳ್ಳು ಹೇಳಿದೆನೆಂದು ಅವೆಡಾನ್ ಹೇಳಿಕೊಂಡಿದ್ದಾನೆ. ನಾಯಿಗಳನ್ನು ಬಹಳ ಪ್ರೀತಿಸುತ್ತಿದ್ದ ಅವರ ಮುಖ ಒಮ್ಮೆಲೇ ಕುಸಿಯಿತು. ಆ ಚಿತ್ರವನ್ನು ಒಂದು ಬದುಕಿನ ದುರಂತವೆಂಬಂತೆ ಇಂದಿಗೂ ನೋಡುತ್ತಾರೆ. 2006ರಲ್ಲಿ ಜಿಲ್ ಗ್ರೀನ್‌ಬರ್ಗ್ ಪುಟ್ಟ ಮಕ್ಕಳಿಗೆ ಲಾಲಿಪಾಪ್ ಕೊಟ್ಟು ಕಿತ್ತುಕೊಂಡು, ಅವರು ಅಳುವುದನ್ನು ತೆಗೆದ ಸರಣಿ ದೊಡ್ಡ ವಿವಾದವಾಯಿತು. ಎರಡರಲ್ಲೂ ಕಣ್ಣೆದುರಿನ ಭಾವ ಅಪ್ಪಟ ನಿಜ. ಅಳು ಅಳುವೇ. ಆದರೂ ಈ ಎರಡು ದಾರಿಗಳನ್ನೂ ನಾನು ಒಪ್ಪಲಾರೆ, ಮಕ್ಕಳ ವಿಷಯದಲ್ಲಂತೂ ಖಂಡಿತ ಒಪ್ಪಲಾರೆ. ಭಾವ ಅಸಲಿಯಾಗಿರಬೇಕು ಎಂಬ ಹಟ ಎಷ್ಟು ಬಲವಾಗುತ್ತದೆಯೋ, ಎದುರಿಗಿರುವ ಮನುಷ್ಯನನ್ನು ಕೇವಲ ಸಾಮಗ್ರಿಯಾಗಿ ಕಾಣುವ ಅಪಾಯವೂ ಅಷ್ಟೇ ಬಲವಾಗುತ್ತದೆ. ಕುಳಿತವರಿಗೆ ಮುಗಿಯಿತು ಎಂದು ಹೇಳಿ, ಅವರು ಉಸಿರುಬಿಟ್ಟು ಸಡಿಲಾದ ಕ್ಷಣದಲ್ಲಿ ಗುಟ್ಟಾಗಿ ಒಂದೆರಡು ಚಿತ್ರ ತೆಗೆಯುವ ಉಪಾಯವನ್ನು ಬಹಳ ಮಂದಿ ಬಳಸುತ್ತಾರೆ. ನಾನು ಅದನ್ನು ಬಳಸುವುದಿಲ್ಲ. ವಿರಾಮ ತೆಗೆದುಕೊಳ್ಳಿ, ಆದರೆ ನಾನು ಚಿತ್ರ ತೆಗೆಯುತ್ತಲೇ ಇರುತ್ತೇನೆ ಎಂದು ಮೊದಲೇ ಹೇಳುತ್ತೇನೆ. ಹಾಗೆ ಹೇಳಿದರೂ ಭುಜಗಳು ಇಳಿಯುತ್ತವೆ, ಉಸಿರು ಹೊರಬರುತ್ತದೆ, ಬೇಕಾದದ್ದು ಸಿಕ್ಕುತ್ತದೆ.

ಅದೇ ಅವೆಡಾನ್ ಅದೇ 1957ರ ಮೇ ತಿಂಗಳಲ್ಲಿ ತೆಗೆದ ಮರ್ಲಿನ್ ಮನ್ರೋ ಚಿತ್ರ ವಿಂಡ್ಸರ್ ದಂಪತಿಯ ಚಿತ್ರಕ್ಕಿಂತ ತೀರ ಬೇರೆಯಾದದ್ದು. ಗಂಟೆಗಟ್ಟಲೆ ಆಕೆ ಕುಣಿದಳು, ಹಾಡಿದಳು, ಜಗತ್ತು ಬಯಸುವ ಮನ್ರೋ ಆಗಿದ್ದಳು. ಎಲ್ಲ ಮುಗಿದ ಮೇಲೆ ಮೂಲೆಯಲ್ಲಿ ಮಗುವಿನಂತೆ ಕುಳಿತಾಗ ಮುಖದಲ್ಲಿ ಅದಾವುದೂ ಉಳಿದಿರಲಿಲ್ಲ. ಆಕೆಗೆ ಗೊತ್ತಿಲ್ಲದಂತೆ ಆ ಮುಖವನ್ನು ತೆಗೆಯಲು ತನಗೆ ಮನಸ್ಸಾಗಲಿಲ್ಲ, ಕ್ಯಾಮೆರಾ ಹಿಡಿದು ಹತ್ತಿರ ಹೋದಾಗ ಆಕೆ ಬೇಡವೆನ್ನುತ್ತಿಲ್ಲ ಎಂಬುದು ಕಾಣಿಸಿತು ಎಂಬರ್ಥದ ಮಾತನ್ನು ಅವನು ಹೇಳಿದ್ದಾನೆ. ಆಕೆಯ ಅತ್ಯಂತ ನಿಜವಾದ ಚಿತ್ರ ಎಂದು ಎಲ್ಲರೂ ಹೇಳುವ ಈ ಚಿತ್ರ ಕದ್ದದ್ದಲ್ಲ, ಆಕೆ ಕೊಟ್ಟದ್ದು. ನನ್ನ ಕಣ್ಣಿಗೆ ವಿಂಡ್ಸರ್ ದಂಪತಿಯ ಚಿತ್ರಕ್ಕಿಂತ ಇದು ಬಹಳ ಎತ್ತರದಲ್ಲಿ ನಿಲ್ಲಲು ಅದೇ ಕಾರಣ.

ಕೊಟ್ಟ ಮುಖದ ಮೇಲೂ ಕೊಟ್ಟವರ ಹಕ್ಕು ಇರುತ್ತದೆ. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ವಲಸೆ ತಾಯಿಯ ಚಿತ್ರದಲ್ಲಿ, ಕೆನ್ನೆಗೆ ಕೈ ತಾಗಿಸಿ ದೂರ ನೋಡುವ ಆ ಹೆಂಗಸಿನ ಚಿಂತೆ ಕೃತಕವೆಂದು ಯಾರೂ ಹೇಳಲಾರರು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು ಲೋಕಕ್ಕೆ ತಿಳಿದದ್ದು 1978ರಲ್ಲಿ, ಮತ್ತು ಆ ಚಿತ್ರ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂಬುದೇ ಆಕೆಯ ಅಭಿಪ್ರಾಯವಾಗಿತ್ತು. ತನ್ನ ಬದುಕಿನ ಒಂದು ನಿಜವಾದ ಕ್ಷಣ ತನ್ನ ಇಡೀ ಬದುಕಿನ ಹೆಸರಾಗಿಬಿಡುವುದನ್ನು ಸಹಿಸುವುದು ಸುಲಭವಲ್ಲ.

ಈ ಕಾರಣಕ್ಕೇ ಪೋಸ್ ಬಗ್ಗೆ ನನ್ನ ಗೌರವ ವರ್ಷದಿಂದ ವರ್ಷಕ್ಕೆ ಹೆಚ್ಚಿದೆ. ಜರ್ಮನಿಯ ಆಗಸ್ಟ್ ಸಾಂಡರ್ ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ರೈತರು, ಕೂಲಿಗಳು, ವಕೀಲರು, ಅಡುಗೆಯವರನ್ನೆಲ್ಲ ಚಿತ್ರಿಸುವಾಗ ಅವರು ಹೇಗೆ ನಿಲ್ಲಬಯಸುತ್ತಾರೋ ಹಾಗೆ ನಿಲ್ಲಗೊಟ್ಟ. ನಗಿಸಲು ಹೋಗಲಿಲ್ಲ, ಮೈಮರೆಸಲು ಹೋಗಲಿಲ್ಲ. ತಾನು ಹೀಗೆ ಕಾಣಬೇಕು ಎಂಬ ಬಯಕೆಯೂ ಮನುಷ್ಯನೊಳಗಿನ ಭಾವಗಳಲ್ಲೊಂದು, ಅವನನ್ನು ಬಹಳ ಹತ್ತಿರದಿಂದ ತಿಳಿಸುವಂಥದ್ದು. ಗಲ್ಲ ಎತ್ತಿ ಹಿಡಿದವನ ಹೆಮ್ಮೆ ನಿಜ, ಆ ಹೆಮ್ಮೆಯ ಕೆಳಗೆ ಬೆರಳುಗಳು ಅಂಗಿಯ ಅಂಚನ್ನು ಹಿಡಿದಿದ್ದರೆ ಆ ಅಳುಕೂ ನಿಜ, ಮತ್ತು ಪೋಸ್ ಕೊಡದಿದ್ದರೆ ಇವೆರಡೂ ಒಟ್ಟಿಗೆ ಕಾಣುವುದಿಲ್ಲ. ಹಾಗಾಗಿ ಈಗ ನಾನು ಯಾರಿಗೂ ನಗಿ ಎನ್ನುವುದಿಲ್ಲ, ಸಹಜವಾಗಿರಿ ಎಂದೂ ಹೇಳುವುದಿಲ್ಲ. ಎರಡನೆಯದು ಮೊದಲನೆಯದಕ್ಕಿಂತ ಕಷ್ಟದ ಅಪ್ಪಣೆ. ಮೊದಲು ಅವರಿಗೆ ಬೇಕಾದಂತೆ ಕುಳಿತುಕೊಳ್ಳಲು ಬಿಟ್ಟು ಆ ಚಿತ್ರವನ್ನು ಪೂರ್ತಿ ಗಮನವಿಟ್ಟು ತೆಗೆಯುತ್ತೇನೆ. ಆಮೇಲೆ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಬಟನ್ ಇರುವ ತಂತಿಯನ್ನು ಕೈಯಲ್ಲಿ ಹಿಡಿದು, ಅವರ ಎದುರು ಕುಳಿತು, ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುವ ಏನನ್ನಾದರೂ ಕೇಳುತ್ತೇನೆ. ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವಾಗ ತನ್ನ ಮುಖ ಹೇಗಿದೆ ಎಂದು ಯೋಚಿಸುವವರು ಅಪರೂಪ.

ಕೊನೆಯ ಆಯ್ಕೆಯಲ್ಲಿ ಮಾತ್ರ ನನಗೂ ಕುಳಿತವರಿಗೂ ಒಮ್ಮತವಾಗುವುದು ಕಡಿಮೆ. ಅವರು ಹೆಚ್ಚಾಗಿ ಆರಿಸುವುದು ತಮ್ಮ ಹಿಡಿತದಲ್ಲಿರುವ ಮುಖವನ್ನು, ಅವರ ಮನೆಯವರು ಆರಿಸುವುದು ಹಿಡಿತ ತಪ್ಪಿದ ಮುಖವನ್ನು. ಮನೆಯವರು ಅವರನ್ನು ದಿನವೂ ಎದುರಿನಿಂದ ನೋಡಿದವರು. ಅವರಾದರೋ ತಮ್ಮನ್ನು ಕನ್ನಡಿಯಲ್ಲಿ ಮಾತ್ರ ನೋಡಿಕೊಂಡವರು, ಮತ್ತು ಕನ್ನಡಿಯೆದುರು ಯಾರ ಮುಖವೂ ಹಿಡಿತ ತಪ್ಪಿರುವುದಿಲ್ಲ. ಯಾರ ಆಯ್ಕೆ ಸರಿ ಎಂದು ತೀರ್ಮಾನಿಸುವ ಅಧಿಕಾರ ನನಗಿದೆಯೆಂದು ನಾನು ಭಾವಿಸುವುದಿಲ್ಲ. ಎರಡನ್ನೂ ಒಂದೇ ಅಳತೆಯಲ್ಲಿ, ಒಂದೇ ಕಾಗದದ ಮೇಲೆ ಅಚ್ಚುಹಾಕಿ ಕೊಡುತ್ತೇನೆ. ಬೇರೆ ಕಡೆ ತೋರಿಸಲು ನಾನು ಒಂದನ್ನು ಆರಿಸಬೇಕಾಗಿ ಬಂದಾಗ ಅವರನ್ನು ಕೇಳುತ್ತೇನೆ, ಅವರು ಬೇಡವೆಂದ ಚಿತ್ರ ನನಗೆಷ್ಟೇ ಪ್ರಿಯವಾಗಿದ್ದರೂ ಅದನ್ನು ಹೊರಗೆ ತರುವುದಿಲ್ಲ.